ಕಪಾಟು ನಾವು ಮಾಡಿಸುತ್ತೇವೆ, ಸಂಪುಟಗಳನ್ನು ತಾವು ಕಳುಹಿಸಿ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರಿಗೆ,

ನಮಸ್ಕಾರಗಳು.

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಎರಡೂವರೆ ಎಕರೆ ಕಾಫಿ, ನಡುವೆ ಒಂದಿಷ್ಟು ಮೆಣಸಿನ ಬಳ್ಳಿ, ಮಂಗಗಳೊಂದಿಗೆ ನಿತ್ಯದ ಜಗಳ, ಇಷ್ಟೇ ನನ್ನ ಉದ್ಯೋಗ. ತಮ್ಮಿಂದ ಆಗಬೇಕಾದ ಕೆಲಸ ಸಣ್ಣದು: ವಿಧಾನಸಭೆಯ ಕೆಲವು ಹಳೆಯ ನಡಾವಳಿ ಸಂಪುಟಗಳು, ಅಂದರೆ ಸದನದಲ್ಲಿ ಆಡಿದ ಮಾತುಗಳ ದಾಖಲೆ, ನಮ್ಮೂರಿಗೆ ಬೇಕು. ಒಂದೇ ಪುಟದ ಅರ್ಜಿ ಬರೆದು ಮುಗಿಸೋಣವೆಂದು ಕುಳಿತೆ, ಆಗಲಿಲ್ಲ. ತಾವು ಈಗ ಕುಳಿತಿರುವ ಪೀಠದಲ್ಲಿ ಒಮ್ಮೆ ಕುಳಿತಿದ್ದ ನಮ್ಮ ಕಡೆಯವರೊಬ್ಬರ ವಿಷಯ ಹೇಳದೆ ಅರ್ಜಿಗೆ ತಲೆಬುಡ ಇರುವುದಿಲ್ಲ.

ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 2023ರ ನವೆಂಬರ್ 7ರಂದು ತೀರಿಕೊಂಡರು. ವಯಸ್ಸು ಎಂಬತ್ತೇಳು. ಆ ವಾರ ನಮ್ಮ ಕಡೆಯ ಸಂತೆ, ಬಸ್ಸು, ಕಾಫಿ ಕಣ ಎಲ್ಲಿ ಹೋದರೂ ಅವರ ಮಾತೇ. ಆದರೆ ಮಾತು ಒಂದೇ: ‘ಇಂದಿರಾ ಗಾಂಧಿಗೆ ಕ್ಷೇತ್ರ ಬಿಟ್ಟುಕೊಟ್ಟವರು.’ ಹತ್ತನೇ ತರಗತಿಯಲ್ಲಿ ನಾನೂ ಅದನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಪಾಠದ ಹೊತ್ತಿನಲ್ಲಿ ಸಾಮಾನ್ಯವಾಗಿ ಕಿಟಕಿಯ ಆಚೆಗೇ ಇರುವವನು, ಕೈಯನ್ನೂ ಎತ್ತದೆ ಕೇಳಿದ: ‘ಆಮೇಲೆ ಏನು ಮಾಡಿದರು, ಟೀಚರ್?’

‘ಆಮೇಲೆ ಮಂತ್ರಿಯಾದರು, ಸ್ಪೀಕರ್ ಆದರು’ ಎಂದೆ. ‘ಸ್ಪೀಕರ್ ಆಗಿ ಏನು ಮಾಡಿದರು?’ ಎಂದ. ಅಷ್ಟು ಹೊತ್ತಿಗೆ ಗಂಟೆ ಹೊಡೆಯಿತು. ಮೂವತ್ತು ವರ್ಷದ ಮೇಲಿನ ನೌಕರಿಯಲ್ಲಿ ಶಾಲೆಯ ಗಂಟೆಗೆ ಅಷ್ಟು ಋಣಿಯಾದ ದಿನ ಇನ್ನೊಂದಿಲ್ಲ.

ನನಗೆ ಉತ್ತರ ಗೊತ್ತಿರಲಿಲ್ಲ ಎನ್ನುವುದು ನನ್ನ ನಾಚಿಕೆ, ಅದು ನನ್ನಲ್ಲೇ ಇರಲಿ. ಆದರೆ ಆ ‘ಬಿಟ್ಟುಕೊಟ್ಟರು’ ಎಂಬ ಕ್ರಿಯಾಪದ ಅಂದಿನಿಂದ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿದಿದೆ.

1978ರಲ್ಲಿ ನಾನು ಎಂಟನೇ ತರಗತಿ. ಹಿಂದಿನ ವರ್ಷದ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತ್ತು. ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ರಾಜ್ ನಾರಾಯಣ್ ಎದುರು ಸೋತಿದ್ದರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಬಂದಿದ್ದವು. ಅದರಲ್ಲಿ ಚಿಕ್ಕಮಗಳೂರೂ ಒಂದು. ಚಂದ್ರೇಗೌಡರು 1971ರಲ್ಲಿ ಒಮ್ಮೆ ಗೆದ್ದು, 1977ರಲ್ಲಿ ಎರಡನೇ ಸಲ ಲೋಕಸಭೆಗೆ ಹೋಗಿದ್ದರು. ಆಗ ದೇವರಾಜ ಅರಸರು ಮುಖ್ಯಮಂತ್ರಿ. ಸಂಸತ್ತಿಗೆ ಮರಳಲು ಇಂದಿರಾ ಗಾಂಧಿಯವರಿಗೆ ಒಂದು ಭದ್ರವಾದ ಕ್ಷೇತ್ರ ಬೇಕಾಯಿತು, ಗೌಡರು ರಾಜೀನಾಮೆ ಕೊಟ್ಟರು, ನವೆಂಬರ್‌ನಲ್ಲಿ ಉಪಚುನಾವಣೆ ಬಂತು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು.

ಅರೇಬಿಕಾ ಹಣ್ಣಾಗಿ ಕೊಯ್ಲು ಹಿಡಿಯುವ ಹೊತ್ತು ಅದು. ಮನೆಯ ಮುಂದಿನ ಮಣ್ಣಿನ ರಸ್ತೆಯಲ್ಲಿ ವಾರಕ್ಕೊಂದು ಜೀಪು ಕಂಡರೆ ಹೆಚ್ಚು ಎನ್ನುವ ಕಾಲದಲ್ಲಿ ಗಂಟೆಗೆ ಮೂರು ಜೀಪು ಓಡಾಡಿದವು. ಒಂದರಲ್ಲಿ ಕೂಗುತ್ತಿದ್ದದ್ದು ಹಿಂದಿ: ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್, ಚಿಕ್ಕಮಗಳೂರ್.’ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ನನ್ನ ಅಜ್ಜಿ ‘ಲಂಗೂರ್ ಎಂದರೆ ಏನೇ?’ ಎಂದು ಕೇಳಿದರು. ಮೇಷ್ಟರು ಹೇಳಿಕೊಟ್ಟಿದ್ದರಿಂದ ‘ಮುಸುವ, ಅಜ್ಜಿ’ ಎಂದೆ. ‘ನೂರು ಮುಸುವ ಓಡಿಸಲು ಡೆಲ್ಲಿಯಿಂದ ಬರಬೇಕೇ? ನಮ್ಮ ತೋಟಕ್ಕೂ ಒಂದು ಗಳಿಗೆ ಕಳುಹಿಸಿಕೊಡಿ ಎಂದು ಹೇಳು’ ಎಂದವರೇ ಮತ್ತೆ ಅಡಿಕೆಗೆ ಕೈ ಹಾಕಿದರು. ಆ ಚುನಾವಣೆಯ ಬಗ್ಗೆ ದೇಶವೆಲ್ಲ ಬರೆದ ವಿಶ್ಲೇಷಣೆಗಳನ್ನು ಆಮೇಲೆ ಓದಿದ್ದೇನೆ. ಅಜ್ಜಿಯ ಮಾತಿನಷ್ಟು ನೆನಪಿನಲ್ಲಿ ಉಳಿದದ್ದು ಕಡಿಮೆ.

ಇನ್ನೊಂದು ನೆನಪು ಅಪ್ಪಯ್ಯನ ಎಡಗೈಯ ತೋರುಬೆರಳಿನದು. 1977ರ ಮಾರ್ಚ್‌ನಲ್ಲಿ ಲೋಕಸಭೆಗೆ ಒಂದು ಗೆರೆ, 1978ರ ಫೆಬ್ರವರಿಯಲ್ಲಿ ವಿಧಾನಸಭೆಗೆ ಒಂದು, ಅದೇ ನವೆಂಬರ್‌ನಲ್ಲಿ ಉಪಚುನಾವಣೆಗೆ ಒಂದು, 1980ರ ಜನವರಿಯಲ್ಲಿ ಮತ್ತೆ ಲೋಕಸಭೆಗೆ ಒಂದು. ಮೈಸೂರಿನಲ್ಲಿ ತಯಾರಾಗುವ ಆ ಮಸಿ ಸೋಪಿಗೆ ಹೋಗುವಂಥದ್ದಲ್ಲ. ಉಗುರು ಬೆಳೆದು ಕತ್ತರಿಸಿದಂತೆ ಮೇಲೆ ಸರಿದು ಹೋಗಬೇಕು. ನವೆಂಬರ್‌ನ ಮತದಾನ ಮುಗಿಸಿ ಬಂದ ಅಪ್ಪಯ್ಯ ಊಟಕ್ಕೆ ಕುಳಿತವರು ಬೆರಳನ್ನೇ ನೋಡುತ್ತ, ‘ಹೋದ ವರ್ಷ ಹಾಕಿದ್ದು ಐದು ವರ್ಷಕ್ಕೆ ಎಂದು ತಿಳಿದಿದ್ದೆ’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅವರು ಇಂದಿರಾ ಗಾಂಧಿಯವರಿಗೇ ಮತ ಹಾಕಿ ಬಂದಿದ್ದರು ಎಂದು ನನ್ನ ಅಂದಾಜು. ಆದರೂ ಲೆಕ್ಕ ತಪ್ಪಿದೆ ಎಂಬ ಕಸಿವಿಸಿ ಆ ಮಾತಿನಲ್ಲಿತ್ತು. ಪೇಟೆಗೆ ಕಳುಹಿಸಿದ ಮೂಟೆಗಳಲ್ಲಿ ಒಂದು ಕಡಿಮೆ ಬಂದಾಗ ಅವರ ಮುಖದಲ್ಲಿ ಕಾಣುತ್ತಿದ್ದ ಕಸಿವಿಸಿ.

ಬಿಟ್ಟುಕೊಡುವುದು ಎಂದರೆ ನಮ್ಮಲ್ಲಿ ಒಳ್ಳೆಯ ಗುಣ. ದಾಯಾದಿಗೆ ಗದ್ದೆಯ ಬದು ಬಿಟ್ಟುಕೊಟ್ಟವನನ್ನು ದೊಡ್ಡ ಮನುಷ್ಯ ಎನ್ನುತ್ತೇವೆ. ಬಸ್ಸಿನಲ್ಲಿ ಕೂಸು ಎತ್ತಿಕೊಂಡವಳಿಗೆ ಸೀಟು ಬಿಟ್ಟುಕೊಡುತ್ತೇವೆ. ಹಾಗೆ ಬಿಟ್ಟುಕೊಡುವ ವಸ್ತು ಮೊದಲು ನಮ್ಮದಾಗಿರಬೇಕು, ಕಡೇಪಕ್ಷ ಟವೆಲು ಹಾಕಿ ಹಿಡಿದದ್ದಾದರೂ ಆಗಿರಬೇಕು. ಚಿಕ್ಕಮಗಳೂರು ಕ್ಷೇತ್ರದ ಮೇಲೆ ಟವೆಲು ಹಾಕಿದವರು ಯಾರು? ನನ್ನ ಅಪ್ಪಯ್ಯನಂಥವರು, ಬೆರಳಿನ ಮಸಿಯಿಂದ. ಅವರನ್ನು ಯಾರೂ ಕೇಳಲಿಲ್ಲ. ಉಪಚುನಾವಣೆಯಲ್ಲಿ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರ ಬಂತಲ್ಲ, ಅದೇ ಒಪ್ಪಿಗೆ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ಅದು ಆದ ಮೇಲೆ ಪಡೆದ ಒಪ್ಪಿಗೆ.

ಅದರ ಮುಂದಿನದನ್ನು ಯಾರೂ ಹೇಳುವುದೇ ಇಲ್ಲ. ನವೆಂಬರ್‌ನಲ್ಲಿ ಗೆದ್ದವರನ್ನು ಡಿಸೆಂಬರ್ 19ರಂದು, ಪ್ರಧಾನಿಯಾಗಿದ್ದಾಗ ಮಾಡಿದ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಉಚ್ಚಾಟಿಸಿತು, ತಿಹಾರ್ ಜೈಲಿಗೂ ಕಳುಹಿಸಿತು. ಅಂದರೆ ಇಷ್ಟೆಲ್ಲ ಗದ್ದಲದಿಂದ ನಾವು ಕಳುಹಿಸಿದ ಪ್ರತಿನಿಧಿ ಎರಡು ತಿಂಗಳು ತುಂಬುವ ಮೊದಲೇ ಸದನದಿಂದ ಹೊರಗೆ. ಆ ಉಚ್ಚಾಟನೆ ಸರಿಯಲ್ಲವೆಂದು 1981ರಲ್ಲಿ ಮುಂದಿನ ಲೋಕಸಭೆ ನಿರ್ಣಯವನ್ನು ರದ್ದುಪಡಿಸಿತು. ಅಷ್ಟರಲ್ಲಿ ಅವರು ಮತ್ತೆ ಪ್ರಧಾನಿ. 1980ರಲ್ಲಿ ಸ್ಪರ್ಧಿಸಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. ನಮ್ಮ ಕಡೆ ತಿರುಗಿ ನೋಡುವ ಅಗತ್ಯ ಬೀಳಲಿಲ್ಲ. ಈಗ ಆ ಹೆಸರಿನ ಲೋಕಸಭಾ ಕ್ಷೇತ್ರವೂ ಇಲ್ಲ. 2008ರ ಪುನರ್‌ವಿಂಗಡಣೆಯಲ್ಲಿ ಮೂಡಿಗೆರೆ, ಶೃಂಗೇರಿ, ಚಿಕ್ಕಮಗಳೂರು, ತರೀಕೆರೆಗಳು ಉಡುಪಿಯ ಜೊತೆಗೆ ಹೋದವು, ಕಡೂರು ಹಾಸನಕ್ಕೆ ಹೋಯಿತು. ಬಿಟ್ಟುಕೊಟ್ಟ ಕ್ಷೇತ್ರ ಭೂಪಟದಿಂದಲೇ ಬಿಟ್ಟುಹೋಗಿದೆ. ಕ್ರಿಯಾಪದ ಮಾತ್ರ ಉಳಿದಿದೆ.

ಹೀಗೆ ಬರೆದೆನೆಂದು ಚಂದ್ರೇಗೌಡರ ಮೇಲೆ ಮುನಿಸಿದೆ ಎಂದು ತಿಳಿಯಬೇಡಿ. ನನ್ನ ತಕರಾರು ಬೇರೆ. ಬೆಳಗಾವಿಯಲ್ಲಿ ಕಾನೂನು ಓದಿ ಬಂದು, ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಹೊರಟು, ಅರ್ಧ ಶತಮಾನ ಸಾರ್ವಜನಿಕ ಬದುಕಿನಲ್ಲಿದ್ದ ಮನುಷ್ಯನನ್ನು ಒಂದು ರಾಜೀನಾಮೆ ಪತ್ರದ ಅಡಿಯಲ್ಲಿ ಹೂತಿಟ್ಟಿದ್ದೇವೆ. ಅವರು ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಈ ನಾಲ್ಕೂ ಸದನಗಳಲ್ಲಿ ಕುಳಿತವರು. ಹಾಗೆ ಕುಳಿತವರು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ಅವರ ಬದುಕಿನಲ್ಲಿ ಎಷ್ಟು ‘ಆಮೇಲೆ’ಗಳಿದ್ದವು ಎಂದು ಆ ಹುಡುಗನ ಪ್ರಶ್ನೆಯ ನಂತರ ನಾನು ಒಂದೊಂದಾಗಿ ಕೂಡಿಸಿಕೊಂಡೆ.

ಲೋಕಸಭೆ ಬಿಟ್ಟವರು ವಿಧಾನ ಪರಿಷತ್ತಿಗೆ ಬಂದರು, ಅರಸರ ಸಂಪುಟದಲ್ಲಿ ಮಂತ್ರಿಯಾದರು. 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಒಡೆದಾಗ ಗೌಡರು ನಿಂತದ್ದು ಅರಸರ ಕಡೆ. ಯಾರಿಗಾಗಿ ಸ್ಥಾನ ತೊರೆದಿದ್ದರೋ ಅವರಿಂದಲೇ ವರ್ಷ ಕಳೆಯುವಷ್ಟರಲ್ಲಿ ದೂರ. ನನ್ನ ಮಟ್ಟಿಗೆ ರಾಜೀನಾಮೆಗಿಂತ ಕುತೂಹಲದ ಸಂಗತಿ ಇದು. ನಮ್ಮಲ್ಲಿ ಇದನ್ನು ಯಾರೂ ರಸಪ್ರಶ್ನೆಯಲ್ಲಿ ಕೇಳುವುದಿಲ್ಲ.

1983ರಲ್ಲಿ ಜನತಾ ಪಕ್ಷದಿಂದ ತೀರ್ಥಹಳ್ಳಿಯಲ್ಲಿ ಗೆದ್ದು ವಿಧಾನಸಭೆಗೆ ಬಂದರು. ‘ಊರು ಬಿಟ್ಟು ಹೊಳೆ ದಾಟಿ ಹೋದರು’ ಎಂದು ಇಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಮೂಡಿಗೆರೆ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಅವರು ಇಲ್ಲಿ ನಿಲ್ಲುವ ಹಾಗೇ ಇರಲಿಲ್ಲ ಎಂಬುದು ಆಡಿಕೊಳ್ಳುವವರ ತಲೆಗೆ ಹೊಳೆಯುವುದಿಲ್ಲ. ಹೊರಗೆ ಹೋಗಿ ಅಪರಿಚಿತರ ಮನೆಬಾಗಿಲಲ್ಲಿ ಮತ ಕೇಳಿ ಗೆಲ್ಲುವುದು ಸುಲಭದ ಮಾತೇ?

ಆ ಸದನದಲ್ಲಿ ಅವರು ಸಭಾಧ್ಯಕ್ಷರಾದರು. ಅದು ಎಂಥ ಸದನವಾಗಿತ್ತು ಎಂದು ತಮಗೆ ನಾನು ಹೇಳಬೇಕಿಲ್ಲ. ಆದರೆ ಈ ಪತ್ರ ಬೇರೆಯವರೂ ಓದುತ್ತಾರಲ್ಲ, ಅವರಿಗಾಗಿ ಎರಡು ಮಾತು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. 224ರಲ್ಲಿ ಜನತಾ ಪಕ್ಷಕ್ಕೆ 95 ಸ್ಥಾನ, ಕಾಂಗ್ರೆಸ್ಸಿಗೆ 82. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ನಿಂತದ್ದು ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದ ಮೇಲೆ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿದ್ದು 1985ರಲ್ಲಿ. ಅಲ್ಲಿಯವರೆಗೆ ಶಾಸಕ ಈ ಸಾಲಿನಿಂದ ಆ ಸಾಲಿಗೆ ಹೋದರೆ ಅವನ ಸದಸ್ಯತ್ವಕ್ಕೆ ಕೈ ಹಾಕುವ ಕಾನೂನೇ ಇರಲಿಲ್ಲ. ಅಂಥ ಸಭೆಯನ್ನು ಎರಡು ವರ್ಷ ನಡೆಸುವುದು ಎಂದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಂಕದ ಮೇಲೆ ನಡೆದ ಹಾಗೆ.

ಆ ಎರಡು ವರ್ಷದಲ್ಲಿ ಆ ಸದನ ಒಪ್ಪಿದ ಮಸೂದೆಗಳಲ್ಲಿ ಎರಡನ್ನು ಮಾತ್ರ ಹೆಸರಿಸುತ್ತೇನೆ. ಒಂದು 1984ರ ಲೋಕಾಯುಕ್ತ ಕಾಯ್ದೆ. ಇನ್ನೊಂದು, ಅಂದಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಂದಿಗೆ ಜನ ನೆನಪಿಟ್ಟುಕೊಂಡಿರುವ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾಯ್ದೆ. ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಆರಂಭದಲ್ಲಿ. ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ.

ನನ್ನ ದೊಡ್ಡಮ್ಮ ಆ ಇಪ್ಪತ್ತೈದರಲ್ಲಿ ಒಬ್ಬರಾದರು. ಸಹಿ ಮಾಡಲು ಬರುತ್ತಿತ್ತು, ಓದಲು ಅಷ್ಟಕ್ಕಷ್ಟೇ. ಮೊದಲ ಸಭೆಗೆ ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು ಹೋದವರು ಸಂಜೆ ಬಂದು, ‘ಎಲ್ಲರೂ ಖುರ್ಚಿಯಲ್ಲಿ ಕೂರಿಸಿದರು, ಚಹಾ ಕೊಟ್ಟರು, ನನ್ನನ್ನು ಏನೂ ಕೇಳಲಿಲ್ಲ’ ಎಂದರು. ನಾಲ್ಕನೇ ಸಭೆಗೆ ಹತ್ತಿಯ ಸೀರೆ. ಅಂದು ಬಾವಿಯ ವಿಷಯಕ್ಕೆ ಮಂಡಲ ಪಂಚಾಯಿತಿಯ ಪ್ರಧಾನರೊಂದಿಗೆ ಜಗಳವಾಡಿ ಬಂದಿದ್ದರು. ಬಾವಿ ಈಗಲೂ ಇದೆ, ನೀರೂ ಇದೆ. ತನ್ನನ್ನು ಆ ಕುರ್ಚಿಯವರೆಗೆ ಕರೆತಂದ ಮಸೂದೆ ಪಾಸಾದಾಗ ಮೇಲಿನ ಪೀಠದಲ್ಲಿದ್ದವರು ಇಲ್ಲೇ ಪಕ್ಕದ ದಾರದಹಳ್ಳಿಯವರು ಎಂಬುದು ಮಾತ್ರ ದೊಡ್ಡಮ್ಮನಿಗೆ ಸಾಯುವವರೆಗೂ ತಿಳಿಯಲಿಲ್ಲ. ಹೇಳಬೇಕಾದವಳು ನಾನು, ನನಗೇ ತಿಳಿದಿರಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1986ರಲ್ಲಿ ರಾಜ್ಯಸಭೆ. 1989ರಲ್ಲಿ ಜನತಾ ದಳದಿಂದ ಮತ್ತೆ ತೀರ್ಥಹಳ್ಳಿ. ಆ ಸಲ ದಳಕ್ಕೆ ಬಂದದ್ದು ಬರೀ 24 ಸ್ಥಾನ, ಗೌಡರು ವಿರೋಧ ಪಕ್ಷದ ಸಾಲಿನಲ್ಲಿ. ಎದುರಿಗೆ ಮುಖ್ಯಮಂತ್ರಿಯ ಜಾಗದಲ್ಲಿ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರು, ಹನ್ನೊಂದು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ನಿಂತಿದ್ದ ಅದೇ ಪಾಟೀಲರು! ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತವರು ಕಾಂಗ್ರೆಸ್ಸಿನ ಮುಖ್ಯಮಂತ್ರಿ, ಅವರಿಗಾಗಿ ಎದ್ದುಹೋದವರು ಕಾಂಗ್ರೆಸ್ಸಿನ ವಿರೋಧಿ. ಆ ಸದನದಲ್ಲಿ ಇಬ್ಬರೂ ಮುಖಾಮುಖಿಯಾದಾಗ ಏನು ಮಾತಾಡಿಕೊಂಡರು? ಕಥೆಗಾರರು ಕಟ್ಟಿ ಹೇಳಬಹುದು. ನನಗೆ ಕಟ್ಟುಕಥೆ ಬೇಡ. ಶೀಘ್ರಲಿಪಿಗಾರರು ಅಂದೇ ಬರೆದಿಟ್ಟಿದ್ದಾರೆ, ಅದು ಬೇಕು.

1999ರಲ್ಲಿ ಮತ್ತೆ ಕಾಂಗ್ರೆಸ್, ಶೃಂಗೇರಿಯಿಂದ ಗೆಲುವು, ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಕಾನೂನು ಮಂತ್ರಿ. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಗೆದ್ದು ಮತ್ತೊಮ್ಮೆ ಲೋಕಸಭೆ. ಪ್ರಜಾ ಸೋಷಲಿಸ್ಟ್, ಕಾಂಗ್ರೆಸ್, ಅರಸು ಕಾಂಗ್ರೆಸ್, ಜನತಾ, ಜನತಾ ದಳ, ಪುನಃ ಕಾಂಗ್ರೆಸ್, ಕೊನೆಗೆ ಬಿಜೆಪಿ. ಇದನ್ನು ಹೇಗೆ ಸಮರ್ಥಿಸುವುದೋ ನನಗೆ ತಿಳಿಯದು, ಸಮರ್ಥಿಸುವ ಹೊಣೆ ನನ್ನದೂ ಅಲ್ಲ. ಒಬ್ಬ ಮನುಷ್ಯ ಇಷ್ಟು ಸಲ ಮನೆ ಬದಲಿಸಿದರೆ ಜೊತೆಗೆ ಯಾವ ಸಾಮಾನನ್ನು ಹೊತ್ತೊಯ್ದ, ಯಾವುದನ್ನು ಹಿಂದೆ ಬಿಟ್ಟ ಎಂದು ನೋಡಬೇಕು. ಭೂಮಿಯ ಬಗ್ಗೆ, ನ್ಯಾಯಾಲಯದ ಬಗ್ಗೆ, ಮಲೆನಾಡಿನ ಬಗ್ಗೆ 1983ರಲ್ಲಿ ಆಡಿದ ಮಾತನ್ನೇ 2000ದಲ್ಲೂ ಆಡಿದರೇ? ಬದಲಾಯಿಸಿದರೇ? ಹೊಗಳುವವರೂ ಬೈಯುವವರೂ ನಡಾವಳಿಯ ಒಂದು ಪುಟವನ್ನೂ ತೆರೆದವರಲ್ಲ. ನಾನೂ ಅವರಲ್ಲಿ ಒಬ್ಬಳು.

ತೆರೆಯಲು ಹೊರಟೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಒಂದು ಗ್ರಂಥಾಲಯಕ್ಕೆ ಹೋಗಿ ವಿಧಾನಸಭೆಯ ನಡಾವಳಿಗಳು ಇವೆಯೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ನಾಲ್ಕು ಕಪಾಟು ಹುಡುಕಿದಳು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಹಿಂದಿನಿಂದ ಕೆಂಪು ರೆಕ್ಸಿನ್ ರಟ್ಟಿನ ಒಂದೇ ಒಂದು ಸಂಪುಟ ಹೊರಬಂತು. ಥಂಡಿಗೆ ಹಾಳೆಗಳು ಅಂಟಿಕೊಂಡಿದ್ದವು, ಅಂಚಿನಲ್ಲಿ ಬೆಳ್ಳಿಹುಳು ತಿಂದ ದಾರಿ. ಅದು ಗೌಡರ ಕಾಲದ್ದಾಗಿರಲಿಲ್ಲ. ಆದರೂ ಅಲ್ಲೇ ಕುಳಿತು ಒಂದು ಗಂಟೆ ಓದಿದೆ. ಯಾವುದೋ ತಾಲ್ಲೂಕಿನ ಸೇತುವೆಯ ಪ್ರಶ್ನೆ, ಮಂತ್ರಿಯ ಜಾಣ ಉತ್ತರ, ಉಪಪ್ರಶ್ನೆ, ನಡುವೆ ಗದ್ದಲ, ಸಭಾಧ್ಯಕ್ಷರ ಒಂದು ಸಾಲು, ಮತ್ತೆ ಸೇತುವೆ. ನಾಟಕ ಓದಿದಷ್ಟು ಸೊಗಸು. ಪಠ್ಯಪುಸ್ತಕದಲ್ಲಿ ‘ಶಾಸಕಾಂಗದ ಕಾರ್ಯಗಳು’ ಎಂದು ವರ್ಷವರ್ಷವೂ ಬರೆಸಿದ ಟಿಪ್ಪಣಿ ನೆನಪಾಗಿ, ಆ ಮಕ್ಕಳ ಮುಂದೆ ಈ ಎರಡು ಪುಟ ಓದಿದ್ದರೆ ಸಾಕಿತ್ತಲ್ಲ ಎನ್ನಿಸಿತು.

ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುವ ಕಾಲ ಇದು, ಕಾಗದ ಏಕೆ ಎಂದು ತಮ್ಮ ಸಚಿವಾಲಯದವರು ಕೇಳಬಹುದು. ಅವರು ದಯವಿಟ್ಟು ಜುಲೈ ತಿಂಗಳಲ್ಲಿ ಮೂಡಿಗೆರೆಗೆ ಬರಲಿ. ಮರ ಬಿದ್ದು ಕರೆಂಟು ಹೋದರೆ ಮೂರು ದಿನ, ಮೊಬೈಲ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಆ ಮಳೆಯಲ್ಲಿ ನಮಗೆ ಇರುವುದು ಓದುವ ಸಮಯವೊಂದೇ.

ಆದ್ದರಿಂದ ನನ್ನ ಕೋರಿಕೆ: ಡಿ.ಬಿ. ಚಂದ್ರೇಗೌಡರು ಸದಸ್ಯರಾಗಿದ್ದ 1983ರಿಂದ 85, 1989ರಿಂದ 94, 1999ರಿಂದ 2004, ಈ ಮೂರು ಅವಧಿಗಳ ವಿಧಾನಸಭಾ ನಡಾವಳಿಗಳ ಒಂದು ಸೆಟ್ಟು ಮೂಡಿಗೆರೆಯ ಸಾರ್ವಜನಿಕರ ಓದಿಗೆ ಬೇಕು. ಮೂಲ ಪ್ರತಿ ಹೆಚ್ಚುವರಿ ಇಲ್ಲದಿದ್ದರೆ ನೆರಳಚ್ಚಾದರೂ ಸಾಕು. ಪರಿಷತ್ತಿನ ಸಂಪುಟಗಳಿಗಾಗಿ ಮಾನ್ಯ ಸಭಾಪತಿಗಳಿಗೆ ಬೇರೆ ಪತ್ರ ಬರೆಯುತ್ತೇನೆ, ಅವರ ಮನೆಯ ಕೆಲಸವನ್ನು ತಮಗೆ ಹೇಳುವುದು ಸರಿಯಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಕೀಲ, ಸಲಹೆ ಕೊಟ್ಟ. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಕರ್ನಾಟಕ ತನ್ನದೇ ಕಾಯ್ದೆಯನ್ನು 2000ದಲ್ಲೇ ಮಾಡಿಕೊಂಡಿತ್ತು, ಗೌಡರು ಮಂತ್ರಿಯಾಗಿದ್ದ ಕೃಷ್ಣ ಸರ್ಕಾರದ ಕಾಲದಲ್ಲಿ. ಅಂಥವರ ಮಾತನ್ನು ಅವರ ಊರಿನವರು ಅರ್ಜಿ ಗುಜರಾಯಿಸಿ, ಮೂವತ್ತು ದಿನ ಕಾದು ಪಡೆಯುವುದು ನನಗೇಕೋ ಸರಿಕಾಣಲಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಕಪಾಟಿನ ಚಿಂತೆ ತಮಗೆ ಬೇಡ. ನಾವು ಏಳೆಂಟು ನಿವೃತ್ತ ಮೇಷ್ಟರು ಸೇರಿ ದುಡ್ಡು ಹಾಕಿದ್ದೇವೆ. ಆಚಾರಿಗೆ ಹೇಳಿ ಆಗಿದೆ: ಹಲಸಿನ ಮರ, ಆರು ಅಡಿ ಎತ್ತರ, ಗಾಜಿನ ಬಾಗಿಲು. ಮಳೆ ಬಡಿಯುವ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಡಬೇಕು, ಕಾಲಿನ ಅಡಿಗೆ ಕಲ್ಲು ಕೊಡಬೇಕು ಎಂದು ಅವನೇ ಹೇಳಿದ. ಪ್ರತಿ ಸಂಪುಟ ಎಷ್ಟು ದಪ್ಪ ಎಂದು ಕೇಳುತ್ತಿದ್ದಾನೆ, ಅಡ್ಡಹಲಗೆಯ ಅಳತೆಗೆ. ಆ ಕೆಂಪು ಸಂಪುಟವನ್ನು ನಾನು ಅಳೆದು ಬಂದಿದ್ದೇನೆ, ಎರಡೂಕಾಲು ಅಂಗುಲ ಇತ್ತು. ಎಲ್ಲವೂ ಅಷ್ಟೇ ಇರುತ್ತವೆಯೋ, ಒಟ್ಟು ಎಷ್ಟು ಬರುತ್ತವೆಯೋ ತಮ್ಮ ಕಚೇರಿಯಿಂದ ಒಂದು ಕಾರ್ಡು ಹಾಕಿಸಿದರೆ ಅವನು ಮರ ಕೊಯ್ಯಲು ಶುರು ಮಾಡುತ್ತಾನೆ. ಸಾಗಣೆಗೆ ಬೆಂಗಳೂರಿನಿಂದ ಮೂಡಿಗೆರೆಗೆ ರಾತ್ರಿ ಬಸ್ಸಿದೆ, ನಾನೇ ಬಂದು ತರುತ್ತೇನೆ. ಹಿಂದಿನ ಬೆಂಚಿನ ಆ ಹುಡುಗ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಕಟ್ಟು ಹೊರಲು ಬರುತ್ತೇನೆಂದು ಒಪ್ಪಿಕೊಂಡಿದ್ದಾನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ